ಕುಯ್ಲಿಗೆ ಮುಂಚೆ ಪಲ್ಪರ್ ಬಿಚ್ಚಿದ ವರ್ಷ

ಬಾಳೂರಿನ ಒಂದು ಎಸ್ಟೇಟಿನಲ್ಲಿ ನಾನು ಒಂಬತ್ತು ವರ್ಷ ರೈಟರ್ ಆಗಿದ್ದೆ. ರೈಟರ್ ಅಂದರೆ ಕತೆ ಬರೆಯುವವಳಲ್ಲ. ಆಳುಗಳ ಹಾಜರಿ, ಗೊಬ್ಬರದ ಚೀಲ, ಜೀಪಿನ ಟ್ರಿಪ್ಪು, ಮಳೆಯ ಇಂಚು, ಎಲ್ಲವನ್ನೂ ಬರೆದಿಡುವವಳು. ಇದರ ಜೊತೆಗೆ ಪ್ರತಿ ನವೆಂಬರಿನಲ್ಲಿ ಇನ್ನೊಂದು ಕೆಲಸ ತಾನಾಗಿಯೇ ನನ್ನ ಪಾಲಿಗೆ ಬರುತ್ತಿತ್ತು. ಮೂಡಿಗೆರೆಯ ವರ್ಕ್‌ಶಾಪಿಗೆ ಫೋನ್ ಮಾಡಿ ಜಗಳ ಆಡುವುದು.

ಹಣ್ಣು ಕುಯ್ಯಲು ಶುರುವಾಗಿ ಮೂರು ದಿನ ಕಳೆಯುವಷ್ಟರಲ್ಲಿ ನಮ್ಮ ಪಲ್ಪರ್ ಕೈಕೊಡುತ್ತಿತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಅದು. ಕುಯ್ದ ಹಣ್ಣನ್ನು ಅದೇ ದಿನ ಅದರ ಬಾಯಿಗೆ ಸುರಿಯದಿದ್ದರೆ ಮಾರನೆಯ ಬೆಳಿಗ್ಗೆ ಹೊತ್ತಿಗೆ ರಾಶಿ ಬಿಸಿಯಾಗಿ ಹುಳಿ ವಾಸನೆ ಹೊಡೆಯುತ್ತದೆ. ಧಣಿಗಳು ನನ್ನ ಮುಖ ನೋಡುತ್ತಿದ್ದರು, ನಾನು ಫೋನ್ ಎತ್ತಿಕೊಳ್ಳುತ್ತಿದ್ದೆ. ಆ ಕಡೆಯಿಂದ ವರ್ಕ್‌ಶಾಪಿನ ಮಾಲೀಕರು, "ನಾಳೆ ಆಗ್ತದೆ ಮೇಡಂ, ಗ್ಯಾರಂಟಿ ನಾಳೆ" ಅನ್ನುತ್ತಿದ್ದರು. ಆ ನಾಳೆ ಬರಲು ಐದಾರು ದಿನ ಹಿಡಿಯುತ್ತಿತ್ತು. ಅಷ್ಟರಲ್ಲಿ ನಾನು ಅವರನ್ನು ಏನೇನು ಅಂದಿರುತ್ತಿದ್ದೆನೋ ಅದನ್ನು ಇಲ್ಲಿ ಬರೆಯುವುದು ಬೇಡ.

ಆಮೇಲೆ ಎಸ್ಟೇಟು ಕೈ ಬದಲಾಯಿತು. ಹೊಸಬರು ಆಫೀಸನ್ನೇ ಚಿಕ್ಕಮಗಳೂರಿಗೆ ಸಾಗಿಸಿದರು. ನನ್ನ ರಿಜಿಸ್ಟರುಗಳಲ್ಲಿ ಇದ್ದದ್ದನ್ನೆಲ್ಲ ಒಬ್ಬ ಹುಡುಗಿ ಎರಡೇ ವಾರದಲ್ಲಿ ಕಂಪ್ಯೂಟರಿಗೆ ಹಾಕಿಕೊಂಡಳು. ನನ್ನ ಮನೆ ಜಾವಳಿಯಲ್ಲಿ. ಅಷ್ಟು ದೂರ ದಿನಾ ಓಡಾಡುವುದು ಆಗದ ಮಾತು. ಹೀಗೆ ಕೆಲಸ ಬಿಡುವ ವಾರದಲ್ಲಿ ವರ್ಕ್‌ಶಾಪಿನ ಮಾಲೀಕರು ಯಾವುದೋ ಮೋಟರ್ ನೋಡಲು ನಮ್ಮ ಎಸ್ಟೇಟಿಗೆ ಬಂದರು. ಎಲ್ಲರೂ ಅವರನ್ನು ಭಾಯ್ ಎಂದೇ ಕರೆಯುತ್ತಿದ್ದರು. ಮುಖಾಮುಖಿ ನಾವು ಭೇಟಿಯಾದದ್ದು ಅದೇ ಮೊದಲು.

"ಫೋನಲ್ಲಿ ಬಯ್ಯೋರು ನೀವೇ ಅಲ್ವಾ?" ಅಂದರು.

"ಹೌದು" ಅಂದೆ. ನಾಚಿಕೆಯೇನೂ ಆಗಲಿಲ್ಲ.

"ಅಷ್ಟು ಬಯ್ಯೋಕೆ ಬರ್ತದೆ ಅಂದ್ರೆ ಕೆಲಸಾನೂ ಗೊತ್ತಿರ್ತದೆ. ನಮ್ಮಲ್ಲಿ ಬಂದು ಕೂತ್ಕಳಿ. ಒಂದು ಸೀಸನ್ ನೋಡಿ, ಆಮೇಲೆ ಬೇಕಾದ್ರೆ ಎದುರಿಗೇ ಬಯ್ಯಿರಿ."

ನಾನು ಹೋದೆ.

ವರ್ಕ್‌ಶಾಪು ಮೂಡಿಗೆರೆ ಪೇಟೆಯ ಅಂಚಿನಲ್ಲಿ, ತಗಡಿನ ಮಾಡಿನ ಕೆಳಗೆ. ಕೆಲಸಕ್ಕೆ ನಾಲ್ಕು ಜನ. ಅವರಲ್ಲಿ ಹಿರಿಯರಿಗೆ ಅರವತ್ತರ ಹತ್ತಿರ. ಭಾಯ್ ಅವರ ತಂದೆಯ ಕಾಲದಿಂದ ಇದ್ದವರು. ಎಲ್ಲರಿಗೂ ಅವರು ಕಾಕಾ. ಪಲ್ಪರ್ ಹೊತ್ತ ಜೀಪು ಬಾಗಿಲಿಗೆ ಬಂದು ನಿಂತರೆ ಸಾಕು, "ಇದು ಜಾವಳಿ ಕೆರೆ ಪಕ್ಕದ್ದು. ಎಡಗಡೆ ಬೇರಿಂಗ್ ಹೋಗಿರ್ತದೆ" ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಎಡಗಡೆಯದೇ ಹೋಗಿರುತ್ತಿತ್ತು.

ಮೊದಲ ನವೆಂಬರಿನಲ್ಲೇ ನನಗೆ ಎಲ್ಲ ಅರ್ಥವಾಯಿತು. ಎಲ್ಲರ ಪಲ್ಪರೂ ಒಂದೇ ವಾರದಲ್ಲಿ ಬರುತ್ತಿತ್ತು. ಯಾರು ಜೋರಾಗಿ ಕೂಗುತ್ತಾರೋ ಅವರದನ್ನು ಮೊದಲು ಬಿಚ್ಚುತ್ತಿದ್ದರು. ಅದು ಅರ್ಧ ಆಗುವಷ್ಟರಲ್ಲಿ ಇನ್ನೊಬ್ಬರು ಇನ್ನೂ ಜೋರಾಗಿ ಕೂಗುತ್ತಿದ್ದರು. ಇದನ್ನು ಬಿಟ್ಟು ಅದನ್ನು ಹಿಡಿಯುತ್ತಿದ್ದರು. ನೆಲದ ತುಂಬ ಹೊಟ್ಟೆ ಬಿಚ್ಚಿದ ಯಂತ್ರಗಳು, ಅವುಗಳ ನಟ್ಟು ಬೋಲ್ಟು ತುಂಬಿದ ಡಬ್ಬಿಗಳು. ಯಾವ ಡಬ್ಬಿ ಯಾವ ಯಂತ್ರದ್ದು ಎಂದು ಕಾಕಾಗೆ ಮಾತ್ರ ಗೊತ್ತು. ಮಧ್ಯಾಹ್ನದ ಊಟವನ್ನು ನಾಲ್ಕೂ ಜನ ನಿಂತೇ ಮಾಡುತ್ತಿದ್ದರು. ಒಂಬತ್ತು ವರ್ಷ ನಾನು ಬಯ್ದದ್ದರಿಂದ ಆದದ್ದು ಇಷ್ಟೇ: ನನ್ನದಕ್ಕಿಂತ ಮೆತ್ತಗಿನ ಗಂಟಲಿನವರ ಪಲ್ಪರ್ ಇನ್ನೂ ಎರಡು ದಿನ ಮೂಲೆಯಲ್ಲಿ ಕೂತಿರುತ್ತಿತ್ತು.

ಅದೇ ಸೀಸನ್ನಿನ ಮಧ್ಯದಲ್ಲಿ ಕಾಕಾಗೆ ಹಲ್ಲುನೋವು ಬಂತು. ದವಡೆ ಬಾತು ನಾಲ್ಕು ದಿನ ಮನೆಯಲ್ಲೇ ಉಳಿದರು. ಉಳಿದ ಮೂವರು ಅಂದಾಜಿನ ಮೇಲೆ ಜೋಡಿಸಿ ಕಳಿಸಿದರು. ಬಾಳೂರಿನ ಪಲ್ಪರಿನ ಮುಚ್ಚಳ ಸಂಸೆಗೆ ಹೋಯಿತು, ಸಂಸೆಯದು ಕಳಸಕ್ಕೆ. ಸಂಸೆಯ ತೋಟದ ಯಜಮಾನಿ, ತೋಟವನ್ನೆಲ್ಲ ತಾನೇ ನೋಡಿಕೊಳ್ಳುವ ಎಪ್ಪತ್ತರ ಆಸುಪಾಸಿನ ಹೆಂಗಸು, ನನಗೆ ಫೋನ್ ಮಾಡಿದರು.

"ನೀವು ಕಳಿಸಿದ ಮುಚ್ಚಳ ನಮ್ಮ ಮಿಷನ್ನಿಗೆ, ನಮ್ಮ ಯಜಮಾನ್ರ ಟೊಪ್ಪಿ ನನ್ನ ತಲೆಗೆ ಕೂತಂಗೆ ಕೂರ್ತದೆ ಕಣಮ್ಮ. ಕಣ್ಣೇ ಕಾಣಲ್ಲ."

ನಗು ಬಂತು. ಮೂರು ತೋಟದ ಮುಚ್ಚಳಗಳನ್ನು ಅದಲು ಬದಲು ಮಾಡಲು ನಮ್ಮ ಜೀಪು ಒಂದು ಇಡೀ ದಿನ ಘಟ್ಟ ಸುತ್ತಿತು.

ಸೀಸನ್ ಮುಗಿದ ಮೇಲೆ ಭಾಯ್, "ಹಿಂಗೇ ಆದ್ರೆ ಆಗೂದಿಲ್ಲ. ಎಂತಾದ್ರೂ ಮಾಡಿ" ಎಂದು ನನ್ನನ್ನು ಚಿಕ್ಕಮಗಳೂರಿನಲ್ಲಿ ನಡೆದ ಎರಡು ದಿನದ ತರಬೇತಿಗೆ ಕಳಿಸಿದರು. ಸಣ್ಣ ಕೈಗಾರಿಕೆಯವರಿಗಾಗಿ ನಡೆಸಿದ್ದು. ಕೆಲಸದ ಜಾಗದಲ್ಲಿ ಬದಲಾವಣೆ ತರುವುದು ಹೇಗೆ ಎಂದು ಇಸ್ತ್ರಿ ಅಂಗಿಯ ಒಬ್ಬರು ಗೋಡೆಯ ಮೇಲೆ ಸ್ಲೈಡು ಬಿಟ್ಟು, ಬಾಣದ ಗುರುತುಗಳಲ್ಲಿ ತೋರಿಸಿದರು. ಎಲ್ಲವೂ ಸಲೀಸಾಗಿ ಕಂಡಿತು. ವಾಪಸ್ಸು ಬರುವಾಗ ಬಸ್ಸಿನಲ್ಲೇ ನನ್ನ ಯೋಜನೆ ತಯಾರಾಗಿತ್ತು.

ಸೋಮವಾರ ಬೆಳಿಗ್ಗೆ ಜಿಲೇಬಿ ತರಿಸಿ ಎಲ್ಲರನ್ನೂ ಕೂರಿಸಿದೆ. ಗೋಡೆಗೆ ಒಂದು ದೊಡ್ಡ ಬಿಳಿ ಬೋರ್ಡು. ಬಂದ ಯಂತ್ರ, ಬಂದ ದಿನ, ಯಾರ ಕೈಯಲ್ಲಿದೆ, ಯಾವಾಗ ಮುಗಿಯುತ್ತದೆ, ಎಂದು ಗೀಟು ಹಾಕಿದ್ದೆ. ಪ್ರತಿ ಯಂತ್ರಕ್ಕೂ ಒಂದು ಕಾರ್ಡು. ಅದರಲ್ಲಿ ಹದಿನಾಲ್ಕು ಪ್ರಶ್ನೆ. ಇನ್ನು ಮುಂದೆ ಪಲ್ಪರುಗಳನ್ನು ಕುಯ್ಲಿಗೆ ಮುಂಚೆಯೇ, ಮಳೆಗಾಲದಲ್ಲೇ ತರಿಸಿಕೊಂಡು ಸರ್ವೀಸ್ ಮಾಡುತ್ತೇವೆ ಎಂದೆ. ಅರ್ಧ ಗಂಟೆ ಮಾತಾಡಿದೆ.

"ಆಯ್ತು ಮೇಡಂ" ಅಂದರು ನಾಲ್ಕೂ ಜನ. ಜಿಲೇಬಿ ಖಾಲಿ ಆಯಿತು.

ಎರಡು ವಾರದ ಮೇಲೆ ನೋಡಿದರೆ ಕಾರ್ಡುಗಳ ಒಂದು ಕಟ್ಟು, ಕುಂಟುತ್ತಿದ್ದ ಡ್ರಿಲ್ಲಿಂಗ್ ಮಿಷನ್ನಿನ ಕಾಲಿನ ಕೆಳಗೆ ಬಿಗಿಯಾಗಿ ಕೂತಿತ್ತು. ಬೋರ್ಡಿನ ಮೇಲೆ ಮಾತ್ರ ದಿನಾ ಹೊಸ ಬರಹ ಬರುತ್ತಿತ್ತು: "ಸಕ್ಕರೆ ಇಲ್ಲದ್ದು ಒಂದು, ಸ್ಟ್ರಾಂಗ್ ಎರಡು, ಚಾ ಒಂದು." ಪಕ್ಕದ ಹೋಟೆಲಿನವರು ಬಾಗಿಲಲ್ಲೇ ನಿಂತು ಅದನ್ನು ಓದಿ, ಯಾರನ್ನೂ ಕೇಳದೆ ಸರಿಯಾಗಿ ತಂದು ಕೊಡುತ್ತಿದ್ದರು.

ನನಗೆ ಸಿಟ್ಟು ಬಂತು. ಒದ್ದೆ ಬಟ್ಟೆ ತಂದು ಎಲ್ಲ ಒರೆಸಿ ಹಾಕಿದೆ. ಅವತ್ತು ಹೋಟೆಲಿನವರು ಎಲ್ಲರಿಗೂ ಒಂದೇ ತರಹದ ಕಾಫಿ ತಂದರು. ಕಾಕಾಗೆ ಶುಗರ್ ಇತ್ತು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು ನನ್ನ ಮೇಜಿನ ಹತ್ತಿರ ಬಂದರು.

"ನನ್ನ ಶುಗರ್ ಏರಿದ್ರೆ ನಿಮ್ಮ ಬೋರ್ಡು ಇಳಿಸ್ತದಾ ಮೇಡಂ?"

ಎಲ್ಲರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ, ಹೇಗೂ ಎದುರಿಗೆ ನಿಂತಿದ್ದಾರಲ್ಲ ಎಂದು ಕೇಳಿಯೇಬಿಟ್ಟೆ.

"ಕಾಕಾ, ಕಾಫಿ ಬರೆಯೋಕೆ ಆಗ್ತದೆ. ಕೆಲಸ ಬರೆಯೋಕೆ ಎಂತಕ್ಕೆ ಆಗಲ್ಲ? ನಿಜ ಹೇಳಿ."

ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು.

"ಯಾವ ತೋಟದ ಪಲ್ಪರು ಹೆಂಗೆ ಕೂಗ್ತದೆ ಅಂತ ಎಲ್ಲ ಇದರೊಳಗೆ ಉಂಟು" ಎಂದು ತಲೆ ಮುಟ್ಟಿಕೊಂಡರು. "ಅದನ್ನೆಲ್ಲ ಬೋರ್ಡಿಗೆ ಇಳಿಸಿದ್ರೆ ಬೋರ್ಡೇ ಸಾಕಲ್ಲ. ಆಮೇಲೆ ನಾನು ಎಂತಕ್ಕೆ?"

ಚಿಕ್ಕಮಗಳೂರಿನ ಬಾಣಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ನನ್ನ ರಿಜಿಸ್ಟರುಗಳನ್ನು ಆ ಹುಡುಗಿ ಕಂಪ್ಯೂಟರಿಗೆ ಹಾಕಿಕೊಳ್ಳುವಾಗ ನಾನೂ ಪಕ್ಕದಲ್ಲಿ ಕೂತು, ಕೇಳಿದ್ದಕ್ಕೆಲ್ಲ ನಗುನಗುತ್ತಾ ಉತ್ತರ ಕೊಟ್ಟಿದ್ದೆ. ಮನೆಗೆ ಬಂದು ಮೂರು ದಿನ ಸರಿಯಾಗಿ ಅನ್ನ ಸೇರಿರಲಿಲ್ಲ. ಅದೇ ಸಂಕಟವನ್ನು ನಾನು ಜಿಲೇಬಿ ಕೊಟ್ಟು ಇವರ ತಲೆಗೆ ಕಟ್ಟಲು ಹೊರಟಿದ್ದೆ. ಅವತ್ತೇ ಸಂಜೆ ಬೋರ್ಡಿನ ಮೇಲೆ ಕಾಫಿಗೆ ಒಂದು ದೊಡ್ಡ ಕಾಲಂ ಗೀಟು ಹಾಕಿ ಬಿಟ್ಟುಕೊಟ್ಟೆ. ಕಾರ್ಡಿನ ಮಾತು ಎತ್ತುವುದನ್ನು ನಿಲ್ಲಿಸಿದೆ.

ಮಳೆಗಾಲದ ಸರ್ವೀಸಿನ ಮಾತನ್ನು ಮಾತ್ರ ಬಿಡಲಿಲ್ಲ. ಜೂನ್ ಕಳೆದ ಮೇಲೆ ತೋಟಗಳಿಗೆ ಒಂದೊಂದಾಗಿ ಫೋನ್ ಮಾಡಲು ಶುರು ಮಾಡಿದೆ. "ಈ ಮಳೇಲಿ ಪಲ್ಪರ್ ಯಾರು ಬಿಚ್ತಾರೆ ಮಾರಾಯ್ರೆ?" ಅಂದರು ಒಬ್ಬರು. "ಕೆಟ್ಟೇ ಇಲ್ಲ, ರಿಪೇರಿ ಎಂತಕ್ಕೆ?" ಅಂದರು ಇನ್ನೊಬ್ಬರು. ಇದನ್ನೇ ಎಸ್ಟೇಟಿನಲ್ಲಿದ್ದಾಗ ಯಾರಾದರೂ ನನ್ನನ್ನು ಕೇಳಿದ್ದರೆ ನಾನೂ ಹೀಗೇ ಅನ್ನುತ್ತಿದ್ದೆ. ಸಂಸೆಯ ಯಜಮಾನಿ ಅಮ್ಮನವರು ಮಾತ್ರ ಫೋನ್ ಇಡಲಿಲ್ಲ.

"ಮಿಷನ್ ಕಳ್ಸಲ್ಲ ಕಣಮ್ಮ. ನಿಮ್ಮಲ್ಲಿಗೆ ಬಂದ್ರೆ ಮುಚ್ಚಳ ಬದಲಾಗ್ತದೆ. ಬೇಕಾದ್ರೆ ನೀವೇ ಬಂದು ನೋಡ್ಕಂಡು ಹೋಗಿ."

ಯಂತ್ರ ನಮ್ಮ ಹತ್ತಿರ ಬರುವ ಬದಲು ನಾವೇ ಯಂತ್ರದ ಹತ್ತಿರ ಹೋಗಬಹುದು ಎಂಬುದು ನನ್ನ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ. ಕಾಕಾಗೆ ಹೇಳಿದೆ.

"ಡಾಕ್ಟ್ರು ಎಲ್ಲಾದ್ರೂ ಕಾಯಿಲೆಯವ್ರ ಮನೆ ಹುಡುಕ್ಕೊಂಡು ಹೋಗ್ತಾರಾ?"

"ಬೋರ್ಡಿಗೆ ಎಂತದೂ ಬರೆಯಲ್ಲ ಕಾಕಾ. ನಾನು ಕಾರ್ಡೂ ತರಲ್ಲ. ಸುಮ್ನೆ ಬನ್ನಿ. ನೀವು ಹೇಳ್ದೆ ಇದ್ರೆ ನಂಗೆ ಅಲ್ಲಿ ಎಂತ ಗೊತ್ತಾಗ್ತದೆ?"

ಆ ಕೊನೆಯ ಮಾತು ನಿಜವಾಗಿತ್ತು. ಅದಕ್ಕೇ ಇರಬೇಕು, ಅವರು ಒಪ್ಪಿದರು.

ನಾಗರಪಂಚಮಿಯ ಮರುವಾರ ಹೋದೆವು. ಜೀಪಿನಲ್ಲಿ ಭಾಯ್, ಕಾಕಾ, ವೆಲ್ಡಿಂಗ್ ಮಾಡುವ ಕೆಲಸಗಾರರೊಬ್ಬರು ಮತ್ತು ನಾನು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಸಂಸೆ ಮುಟ್ಟಿ ತೋಟದ ದಾರಿ ನಡೆಯುವಷ್ಟರಲ್ಲಿ ನನ್ನ ಕಾಲಿಗೆ ನಾಲ್ಕು ಇಂಬಳ ಹತ್ತಿ ರಕ್ತ ಹೀರುತ್ತಿದ್ದವು. ಪಲ್ಪರ್ ಮನೆಯ ಬಾಗಿಲು ತೆಗೆದರೆ ಯಂತ್ರದ ಬಾಯಿಯೊಳಗೆ ಒಂದು ಕೋಳಿ ಕಾವು ಕೂತಿತ್ತು.

"ಇದಕ್ಕೇ ನಾನು ಕಳ್ಸಲ್ಲ ಅಂದಿದ್ದು" ಎನ್ನುತ್ತಾ ಅಮ್ಮನವರು ಕೋಳಿಯನ್ನು ಮೊಟ್ಟೆ ಸಮೇತ ಬುಟ್ಟಿಗೆ ಎತ್ತಿ ಇಟ್ಟರು.

ಕಾಕಾ ಯಂತ್ರವನ್ನು ಮುಟ್ಟಲೇ ಇಲ್ಲ. ಅದರ ಸುತ್ತ ಎರಡು ಸಲ ನಡೆದರು, ಕುಕ್ಕರುಗಾಲಲ್ಲಿ ಕೂತರು, ಎದ್ದರು. ಜೇಬಿನಿಂದ ಬೇರಿಂಗಿನ ಒಂದು ಉಕ್ಕಿನ ಗುಂಡು ತೆಗೆದು ನೆಲದ ಮೇಲಿಟ್ಟರು. ಅದು ತನ್ನ ಪಾಡಿಗೆ ಉರುಳಿಕೊಂಡು ಹೋಗಿ ಗೋಡೆಗೆ ಬಡಿದು ನಿಂತಿತು. ಕಾಕಾ ಜೋರಾಗಿ ನಗಲು ಶುರು ಮಾಡಿದರು.

"ನೆಲ ಕುಸಿದದೆ ಕಣಮ್ಮ! ಮಿಷನ್ನು ಒಂದು ಪಕ್ಕಕ್ಕೆ ವಾಲಿ ನಿಂತದೆ. ಎಷ್ಟು ವರ್ಷ ಆಯ್ತು, ಪ್ರತಿ ಸಲ ಬಲಗಡೆ ಬೇರಿಂಗ್ ಹಾಕಿ ಹಾಕಿ ಕಳಿಸ್ತಿದೀನಿ. ಎಂತಕ್ಕೆ ಇದೊಂದೇ ಹೋಗ್ತದೆ ಅಂತ ತಲೆ ಕೆಟ್ಟಿತ್ತು ನಂಗೆ."

"ಹಂಗಾರೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಅಂದರು ಅಮ್ಮನವರು.

"ನೀವು ಕರೀಲಿಲ್ಲ, ನಾನು ಬರ್ಲಿಲ್ಲ."

ವೆಲ್ಡಿಂಗಿನವರು ಎರಡು ಕಾಲಿನ ಕೆಳಗೆ ಕಬ್ಬಿಣದ ತಗಡು ಕೊಟ್ಟು ಯಂತ್ರವನ್ನು ನೆಟ್ಟಗೆ ನಿಲ್ಲಿಸಿದರು. ಒಂದು ಗಂಟೆಯ ಕೆಲಸ. ಅಮ್ಮನವರು ಅಕ್ಕಿ ರೊಟ್ಟಿ, ಎಳೆ ಬಿದಿರಿನ ಕಳಲೆ ಪಲ್ಯ ಬಡಿಸಿದರು. ಕಾಕಾಗೆ ಸಕ್ಕರೆ ಇಲ್ಲದ ಕಾಫಿ ಎಂದು ನಾನು ಹೇಳುವ ಮೊದಲೇ ಭಾಯ್ ಹೇಳಿದರು.

ವಾಪಸ್ಸು ಬರುವಾಗ ಕಾಕಾ ಇಡೀ ದಾರಿ ಮಾತಾಡಿದರು. ಯಾವ ತೋಟದ ಪಲ್ಪರಿನ ಬೆಲ್ಟು ಯಾಕೆ ಪದೇ ಪದೇ ಹರಿಯುತ್ತದೆ ಎಂದು ಅವರಿಗೆ ಈಗ ಒಂದೊಂದೇ ಅನುಮಾನ ಹುಟ್ಟುತ್ತಿತ್ತು. "ಬಾಳೂರಿಂದು ನೋಡಬೇಕು. ಅದರ ಡಿಸ್ಕಿನೊಳಗೆ ಯಾವಾಗ್ಲೂ ಮರಳು ಸಿಗ್ತದೆ, ನೀರು ಎಲ್ಲಿಂದ ಬಿಡ್ತಾರೋ ಏನೋ. ನಾಳೆನೇ ಹೋಗುವ ಮಾರಾಯ್ತಿ" ಅಂದರು. ಇಷ್ಟು ದಿನ ನನ್ನನ್ನು ಮೇಡಂ ಎಂದು ದೂರ ಇಟ್ಟಿದ್ದವರ ಬಾಯಲ್ಲಿ ಮಾರಾಯ್ತಿ ಬಂದದ್ದು ಕೇಳಿ ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ಖುಷಿ ಕಾಣಿಸಬಾರದು ಎಂದು.

ಸಂಸೆಯ ಸುದ್ದಿ ನಮಗಿಂತ ಮುಂಚೆ ತೋಟದಿಂದ ತೋಟಕ್ಕೆ ಹೋಯಿತು. "ನಮ್ಮ ನೆಲಾನೂ ಒಂದು ಸಲ ನೋಡಿ" ಎಂದು ಫೋನುಗಳು ಬರತೊಡಗಿದವು. ಆರೇಳು ತೋಟ ಮುಗಿಸುವ ಹೊತ್ತಿಗೆ ಒಂದು ಹೊಸ ಫಜೀತಿ ಆಯಿತು. ಅಲ್ಲೇ ಸರಿ ಮಾಡಲಾಗದ ಭಾಗಗಳನ್ನು ಕಳಚಿ ಜೀಪಿಗೆ ಹಾಕಿಕೊಂಡು ಬರುತ್ತಿದ್ದೆವು. ಒಂದು ಸಂಜೆ ಕಾಕಾ ಸಿಪ್ಪೆ ಸುಲಿಯುವ ಎರಡು ಡಿಸ್ಕುಗಳನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತರು. ಯಾವುದು ಎಲ್ಲಿಯದೆಂದು ಅವರಿಗೇ ಹೊಳೆಯಲಿಲ್ಲ. ಇಡೀ ಯಂತ್ರ ನೋಡಿದರೆ ಗುರುತು ಹಿಡಿಯುತ್ತಿದ್ದ ಮನುಷ್ಯನಿಗೆ ಬಿಡಿ ಭಾಗ ಮೋಸ ಮಾಡಿತ್ತು.

ಮಾರನೆಯ ದಿನ ಬೆಳಿಗ್ಗೆ ಅವರೇ ಜೀಪುಗಳಿಗೆ ಬಳಿದು ಉಳಿದಿದ್ದ ಬಣ್ಣದ ಡಬ್ಬಿಗಳನ್ನು ಹುಡುಕಿ ತಂದರು. ಸಂಸೆಗೆ ಹಸಿರು, ಬಾಳೂರಿಗೆ ಹಳದಿ, ಜಾವಳಿಗೆ ನೀಲಿ. ಒಂದೇ ಊರಿನಲ್ಲಿ ಎರಡು ತೋಟ ಇದ್ದರೆ ಎರಡನೆಯದಕ್ಕೆ ಎರಡು ಚುಕ್ಕೆ. ಮುಚ್ಚಳ, ಡಿಸ್ಕು, ನಟ್ಟಿನ ಡಬ್ಬಿ, ಎಲ್ಲದರ ಮೇಲೂ ಬೆರಳಿನಿಂದಲೇ ಚುಕ್ಕೆ ಇಟ್ಟರು.

"ಈಗ ಈ ಬಣ್ಣ ಯಾರದು ಅಂತ ನಿಮ್ಮ ಬೋರ್ಡಿಗೆ ಬರ್ಕಳಿ. ನಂಗೆ ಮತ್ತೆ ಹಲ್ಲುನೋವು ಬರಬಹುದು."

ಕಾಫಿಯ ಕಾಲಮ್ಮಿನ ಪಕ್ಕದಲ್ಲೇ ಬರೆದೆ. ಕಾಫಿಗಾಗಿ ದಿನಕ್ಕೆ ಎರಡು ಸಲ ಎಲ್ಲರೂ ಬೋರ್ಡಿನ ಮುಂದೆ ನಿಲ್ಲುತ್ತಿದ್ದದ್ದರಿಂದ ಬಣ್ಣಗಳೂ ಬೇಗ ಬಾಯಿಪಾಠವಾದವು. ನನ್ನ ಹದಿನಾಲ್ಕು ಪ್ರಶ್ನೆಯ ಕಾರ್ಡು ಡ್ರಿಲ್ಲಿಂಗ್ ಮಿಷನ್ನಿನ ಕೆಳಗೇ ಉಳಿಯಿತು. ಅದನ್ನು ತೆಗೆದರೆ ಮಿಷನ್ನು ಕುಂಟುತ್ತಿತ್ತು. ವೆಲ್ಡಿಂಗಿನವರು ಕೊನೆಯವರೆಗೂ ಬಣ್ಣಕ್ಕೆ ಕೈ ಹಾಕಲಿಲ್ಲ. ಸೀಮೆಸುಣ್ಣದಲ್ಲಿ ತಮಗೆ ಮಾತ್ರ ತಿಳಿಯುವ ಗುರುತು ಹಾಕಿಕೊಳ್ಳುತ್ತಿದ್ದರು. ಅವರಿಂದ ಒಂದು ತುಂಡೂ ಅದಲು ಬದಲಾಗಲಿಲ್ಲ.

ನವೆಂಬರ್ ಬಂತು. ಹಣ್ಣು ಕುಯ್ಲು ಶುರುವಾಯಿತು. ನಾವು ಹೋಗದ ತೋಟಗಳಿಂದ ಪಲ್ಪರುಗಳು ಬಂದವು, ಕೂಗಾಟವೂ ಬಂತು. ಆದರೆ ಎರಡನೆಯ ವಾರದ ಒಂದು ಮಧ್ಯಾಹ್ನ, ಮೂರು ಗಂಟೆ ಇರಬಹುದು, ಕೈಯಲ್ಲಿದ್ದ ಕೆಲಸ ಮುಗಿದುಹೋಯಿತು. ನಾಲ್ಕೂ ಜನ ಕೂತು ಊಟ ಮಾಡಿ, ಕೈ ತೊಳೆದು, ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಹೊರಗಿನಿಂದ ಬಂದ ಭಾಯ್ ಇದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಎಂತ, ಎಲ್ಲ ಕೂತ್ಬಿಟ್ರಿ? ಕರೆಂಟಿಲ್ವಾ?"

"ಕರೆಂಟುಂಟು. ಕೆಲಸ ಇಲ್ಲ" ಅಂದರು ವೆಲ್ಡಿಂಗಿನವರು.

ಭಾಯ್ ಮುಖ ಬಿಳುಚಿಕೊಂಡಿತು. ಅವರ ತಂದೆಯ ಕಾಲದಿಂದ ನವೆಂಬರಿನಲ್ಲಿ ಆ ವರ್ಕ್‌ಶಾಪು ಸುಮ್ಮನಿದ್ದದ್ದೇ ಇಲ್ಲ. ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿ, "ಪೇಟೇಲಿ ಬೇರೆ ಯಾರಾದ್ರೂ ವರ್ಕ್‌ಶಾಪ್ ಹಾಕಿದಾರಾ? ಕೊಟ್ಟಿಗೆಹಾರದ ಕಡೆ ವಿಚಾರಿಸಿದ್ರಾ?" ಅಂದರು. ನಾನು ಉತ್ತರ ಕೊಡುವ ಮೊದಲೇ ಮೂರು ಕಡೆ ಫೋನ್ ಮಾಡಿದರು. ಯಾರೂ ಹೊಸ ವರ್ಕ್‌ಶಾಪ್ ಹಾಕಿರಲಿಲ್ಲ. "ಇದೆಲ್ಲ ಅತಿ ಆಯ್ತು. ಮುಂದಿನ ವರ್ಷ ಮಳೇಲಿ ತಿರುಗೋದು ಬೇಡ. ಗಿರಾಕಿ ಬಾಗಿಲಿಗೆ ಬರೋದನ್ನೇ ಬಿಟ್ಟುಬಿಡ್ತಾರೆ" ಅಂದರು.

ನನಗೂ ಒಳಗೊಳಗೆ ಹೆದರಿಕೆಯಾಯಿತು. ಇಷ್ಟೆಲ್ಲ ಮಾಡಿ ನಾನೇ ಇವರ ಅಂಗಡಿ ಮುಚ್ಚಿಸಿದೆನೇನೋ ಅನ್ನಿಸಿತು.

ಬೆಂಚಿನ ಮೇಲಿಂದ ಕಾಕಾ ಎದ್ದು ಬಂದರು.

"ಭಾಯ್, ನೀವು ಹೊಸ ವರ್ಕ್‌ಶಾಪ್ ಹುಡುಕ್ತಾ ಇದೀರಲ್ಲ, ಅದು ನಾವೇ. ಬರೋ ಗಿರಾಕಿಯ ಬಾಗಿಲಿಗೆಲ್ಲ ಆಗಸ್ಟಿಂದ ಅಕ್ಟೋಬರಿಗೆ ನಾವೇ ಹೋಗಿ ಬಂದ್ವಿ. ಮೂರು ತಿಂಗಳ ಕೆಲಸ ಮೂರು ತಿಂಗಳಲ್ಲೇ ಮಾಡಿದೀವಿ, ಮೂರು ವಾರದಲ್ಲಿ ಅಲ್ಲ. ಇಷ್ಟು ವರ್ಷದಲ್ಲಿ ನವೆಂಬರಲ್ಲಿ ನಾನು ಕೂತು ಉಂಡಿದ್ದು ಇವತ್ತೇ ಮೊದ್ಲು. ಅದನ್ನ ಬೇಡ ಅಂತೀರಾ?"

ಭಾಯ್ ಕುರ್ಚಿ ಎಳೆದುಕೊಂಡು ಕೂತು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. ಯಾರೂ ಬರಲಿಲ್ಲ. ಕೊನೆಗೆ, "ಹಂಗಾರೆ ಸುಮ್ನೆ ಕೂತು ಎಂತ ಮಾಡ್ತೀರಿ, ನೆಲ ಆದ್ರೂ ತೊಳೀರಿ" ಅಂದರು.

ಬೆಂಚುಗಳನ್ನು ಎಳೆದು, ಸೀಮೆಎಣ್ಣೆ, ಸೋಪಿನ ಪುಡಿ ಹಾಕಿ, ತೆಂಗಿನ ಪೊರಕೆಯಲ್ಲಿ ಐದೂ ಜನ ತಿಕ್ಕಿದೆವು. ಭಾಯ್ ಪ್ಯಾಂಟು ಮಡಚಿಕೊಂಡು ಬಕೆಟ್ಟಿನಲ್ಲಿ ನೀರು ತಂದು ತಂದು ಸುರಿದರು. ಬೆಂಚಿನ ಅಡಿಯಿಂದ ಏಳು ಸ್ಪ್ಯಾನರು, ಯಾರದೋ ಕೊಡೆ, ಕಾಕಾ ಎರಡು ವರ್ಷದಿಂದ ಹುಡುಕುತ್ತಿದ್ದ ಕನ್ನಡಕ ಸಿಕ್ಕಿದವು. ಮಸಿಯ ಪದರ ಕಿತ್ತುಬಂದ ಕಡೆ ಕೆಳಗಿನಿಂದ ಕೆಂಪು ಕಾವಿ ನೆಲ ಕಾಣಿಸಿತು.

"ಓ, ಇದು ಕೆಂಪಾ?" ಅಂದರು ಭಾಯ್. "ನಮ್ಮಪ್ಪ ಹಾಕಿಸಿದ್ದು ಇರಬೇಕು."

ಹೋಟೆಲಿನವರು ನಾಲ್ಕೂವರೆಯ ಕಾಫಿ ತಂದವರು ಹೊಸ್ತಿಲ ಹೊರಗೇ ನಿಂತು, ಚಪ್ಪಲಿ ಬಿಟ್ಟು ಒಳಗೆ ಬರಬೇಕೇ ಎಂದು ಕೇಳಿದರು.